ಲೋಗೋ ಬಂತು, ಅಲ್ಲೇ ನಿಂತಿತು: ಉಬುಂಟು ಹಾಕಿದ ಮೇಲೆ ಏಳದ ಲ್ಯಾಪ್‌ಟಾಪ್

ರಾತ್ರಿ ಒಂದೂವರೆಗೆ ಕೊನೆಗೂ ಡೆಸ್ಕ್‌ಟಾಪ್ ಕಂಡಿತು. ಬೆಳಗಾದರೆ ಅರ್ಧ ಮರೆತಿರುತ್ತೇನೆ, ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ. ಹಾಕಿದ್ದು ಉಬುಂಟು 22.04, ಅಂದರೆ ವಿಂಡೋಸ್ ಥರದ್ದೇ ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ಲ್ಯಾಪ್‌ಟಾಪಿನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದೆ. ಇನ್‌ಸ್ಟಾಲ್ ಸಲೀಸಾಗಿ ಮುಗಿಯಿತು, ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದೆ. ಲೋಗೋ ಬಂತು. ಕೆಳಗೆ ತಿರುಗುವ ಚಕ್ರ ಅರ್ಧ ಸುತ್ತಿಗೆ ನಿಂತಿತು. ಅಷ್ಟೇ.

ಪೆನ್‌ಡ್ರೈವ್ ತಯಾರಿ, ಪಾರ್ಟಿಷನ್ ಎಲ್ಲ ಇಲ್ಲಿ ಬರೆದಿಲ್ಲ. ಅಲ್ಲಿ ನನಗೆ ಕಷ್ಟ ಆಗಲಿಲ್ಲ.

ಸತ್ತಿದ್ದು ಯಂತ್ರವೋ, ಪರದೆಯೋ?

ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಒತ್ತಿದ ಹಾಗೆ ದೀಪ ಹತ್ತಿ ಆರುತ್ತಿದ್ದರೆ ಕರ್ನಲ್ (ಸಿಸ್ಟಮ್ಮಿನ ತಿರುಳು) ಬದುಕಿದೆ, ಚಿತ್ರ ತೋರಿಸುವ ಕಡೆ ಮಾತ್ರ ಏನೋ ಸಿಕ್ಕಿಕೊಂಡಿದೆ. ಆಗ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಕಪ್ಪು ಲಾಗಿನ್ ಪರದೆ ಸಿಗಬಹುದು. ಸಿಕ್ಕರೆ ನಿಮ್ಮ ಅದೃಷ್ಟ, ಅರ್ಧ ಕೆಲಸ ಮುಗಿಯಿತು. ನನಗೆ ದೀಪವೂ ಹತ್ತಲಿಲ್ಲ.

ಇನ್ನೊಂದು ಮಾತು. ಪೂರ್ತಿ ಎರಡು ನಿಮಿಷ ಕಾಯಿರಿ. ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿ ಎಫ್‌ಎಸ್‌ಟ್ಯಾಬ್ ಎಂಬ ಫೈಲಿನಲ್ಲಿರುತ್ತದೆ. ಅದರಲ್ಲಿ ಈಗ ಇಲ್ಲದ ಡಿಸ್ಕಿನ ಹೆಸರು ಉಳಿದಿದ್ದರೆ, ಎಲ್ಲ ಸೇವೆಗಳನ್ನು ಶುರು ಮಾಡುವ ಸಿಸ್ಟಮ್‌ಡಿ ಎಂಬ ಪ್ರೋಗ್ರಾಮ್ ಅದಕ್ಕಾಗಿ 90 ಸೆಕೆಂಡ್ ಕಾಯುತ್ತದೆ. ಹೊರಗಿನಿಂದ ನೋಡಿದರೆ ಅದೂ ಹ್ಯಾಂಗ್ ಥರವೇ ಕಾಣುತ್ತದೆ.

ಗ್ರಬ್ ಒಳಗೆ ಹೋದ ಎರಡು ಗಂಟೆ

ಗ್ರಬ್ ಅಂದರೆ ಯಂತ್ರ ಹತ್ತಿದಾಗ ಉಬುಂಟುವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮ್. ಎಲ್ಲರೂ ಹೇಳುವ ಉಪಾಯ ಒಂದೇ: ಗ್ರಬ್ ಮೆನುವಿಗೆ ಹೋಗಿ, ಇ ಒತ್ತಿ, ನೋಮೋಡ್‌ಸೆಟ್ ಅಂತ ಸೇರಿಸಿ (ಅದು ಏನು ಮಾಡುತ್ತದೆ ಅಂತ ಮುಂದೆ ಬರುತ್ತದೆ), ಎಫ್10 ಒತ್ತಿ. ಒಂದು ಸಾಲಿನಲ್ಲಿ ಮುಗಿಯುತ್ತದೆ. ನಾನು ಈ ಒಂದು ಸಾಲಿನಲ್ಲಿ ಎರಡು ಸಲ ಬಿದ್ದೆ.

ಮೊದಲ ಸಲ ಬಿದ್ದಿದ್ದು ಮೆನು ಹುಡುಕುವಾಗ. ಯಂತ್ರದಲ್ಲಿ ಉಬುಂಟು ಒಂದೇ ಇದ್ದರೆ ಗ್ರಬ್ ಮೆನು ತಾನಾಗಿ ಕಾಣುವುದಿಲ್ಲ. ಯಂತ್ರವನ್ನು ಹತ್ತಿಸುವ ಒಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ಹೊಸ ಬಗೆಯ ಯುಇಎಫ್‌ಐ ಆದರೆ ಕಂಪನಿಯ ಲೋಗೋ ಹೋದ ಕೂಡಲೇ ಎಸ್ಕೇಪ್ ಒತ್ತಬೇಕು. ಹಳೇ ಬಯೋಸ್ ಆದರೆ ಶಿಫ್ಟ್ ಹಿಡಿದುಕೊಂಡಿರಬೇಕು. ನಾನು ಆತುರಕ್ಕೆ ಎಸ್ಕೇಪನ್ನು ಪಟಪಟ ಹತ್ತು ಸಲ ಒತ್ತಿದೆ. ಮೊದಲ ಒತ್ತಿಗೆ ಮೆನು ಬಂತು, ಎರಡನೇ ಒತ್ತಿಗೆ ಅದೂ ಹೋಗಿ ಗ್ರಬ್ ಎಂಬ ಪದ, ಪಕ್ಕದಲ್ಲಿ ಮಿನುಗುವ ಗೆರೆ ಮಾತ್ರ ಉಳಿಯಿತು. ಇನ್‌ಸ್ಟಾಲೇ ಕೆಟ್ಟಿದೆ ಅಂದುಕೊಂಡು ಇಡೀ ಉಬುಂಟುವನ್ನು ಮತ್ತೆ ಹಾಕಿದೆ! ಬೇಕಾಗಿರಲಿಲ್ಲ. ಅಲ್ಲಿ ನಾರ್ಮಲ್ ಅಂತ ಸಣ್ಣಕ್ಷರದಲ್ಲಿ ಟೈಪ್ ಮಾಡಿ, ಎಂಟರ್ ಒತ್ತಿ, ತಕ್ಷಣ ಒಂದೇ ಒಂದು ಸಲ ಎಸ್ಕೇಪ್ ಒತ್ತಿದರೆ ಮೆನು ವಾಪಸ್ ಬರುತ್ತದೆ.

ಎರಡನೇ ಸಲ ಬಿದ್ದಿದ್ದು ಇ ಒತ್ತಿದ ಮೇಲೆ. ಇದನ್ನು ನಿಧಾನವಾಗಿ ಬರೆಯುತ್ತೇನೆ, ಯಾಕಂದ್ರೆ ಇಲ್ಲೇ ಜಾಸ್ತಿ ಹೊತ್ತು ಹೋಯಿತು. ಹತ್ತಿಪ್ಪತ್ತು ಸಾಲು ಕಾಣುತ್ತವೆ. ಅದರಲ್ಲಿ ಒಂದು ಸಾಲು ಲಿನಕ್ಸ್ ಎಂಬ ಪದದಿಂದ ಶುರುವಾಗುತ್ತದೆ. ಅದೇ ಸಾಲಿನಲ್ಲಿ ಮುಂದೆ ಡಿಸ್ಕಿನ ಉದ್ದನೆಯ ಗುರುತು, ಆಮೇಲೆ ಕ್ವಯಟ್, ಸ್ಪ್ಲಾಷ್ ಎಂಬ ಎರಡು ಪದ, ಕೊನೆಗೆ ಡಾಲರ್ ಚಿಹ್ನೆಯ ಜೊತೆ ವಿಟಿ ಹ್ಯಾಂಡಾಫ್ ಎಂಬ ಇನ್ನೊಂದು ಪದ. ಈ ಸಾಲು ಪರದೆಯ ಅಗಲಕ್ಕೆ ಹಿಡಿಸುವುದಿಲ್ಲ. ಹಿಡಿಸದಿದ್ದಾಗ ಗ್ರಬ್ ಬಲತುದಿಯಲ್ಲಿ ಒಂದು ಬ್ಯಾಕ್‌ಸ್ಲಾಷ್ ತೋರಿಸಿ ಉಳಿದದ್ದನ್ನು ಕೆಳಗೆ ಇಳಿಸುತ್ತದೆ. ಅಂದರೆ ಕಣ್ಣಿಗೆ ಎರಡು ಸಾಲು, ಲೆಕ್ಕಕ್ಕೆ ಒಂದೇ. ಆ ಬ್ಯಾಕ್‌ಸ್ಲಾಷ್ ಟೈಪ್ ಮಾಡಿದ ಅಕ್ಷರವೂ ಅಲ್ಲ, ಸುಮ್ನೆ ಗುರುತು.

ನನಗದು ಹೊಳೆಯಲಿಲ್ಲ. ಸಾಲಿನ ಕೊನೆಗೆ ಹೋಗಿ ಎಂಟರ್ ಒತ್ತಿ, ನೋಮೋಡ್‌ಸೆಟ್ ಎಂಬುದನ್ನು ಅದರದ್ದೇ ಹೊಸ ಸಾಲಿನಲ್ಲಿ ನೀಟಾಗಿ ಬರೆದೆ. ಗ್ರಬ್ ಅದನ್ನು ತನಗೆ ಕೊಟ್ಟ ಆಜ್ಞೆ ಅಂತ ಓದಿತು. ಅಂಥ ಆಜ್ಞೆ ಇಲ್ಲ ಎಂದು ಒಂದು ದೂರು ಹೇಳಿ ಬೂಟ್ ಮುಂದುವರಿಸಿತು, ಮತ್ತೆ ಅದೇ ಜಾಗದಲ್ಲಿ ಹ್ಯಾಂಗ್. ಆ ದೂರನ್ನು ಓದುವ ಬದಲು ಮೂರು ಸಲ ಅದನ್ನೇ ಮಾಡಿದೆ.

ಸರಿಯಾದ ಜಾಗ ಇದು: ಸ್ಪ್ಲಾಷ್ ಆದ ಮೇಲೆ ಒಂದು ಸ್ಪೇಸ್, ನೋಮೋಡ್‌ಸೆಟ್, ಮತ್ತೊಂದು ಸ್ಪೇಸ್, ಆಮೇಲೆ ಆ ಡಾಲರ್ ಪದ. ಎಂಟರ್ ಬೇಡ. ನೋ, ಮೋಡ್, ಸೆಟ್ ಮೂರನ್ನೂ ಅಂಟಿಸಿ ಸಣ್ಣಕ್ಷರದಲ್ಲಿ ಬರೆಯಿರಿ. ಕಾಗುಣಿತ ತಪ್ಪಿದರೆ ಕರ್ನಲ್ ನಿಂತು ಹೇಳುವುದಿಲ್ಲ, ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಹಾಗೇ ಕ್ವಯಟ್, ಸ್ಪ್ಲಾಷ್ ಎರಡನ್ನೂ ಅಳಿಸಿಬಿಡಿ. ಲೋಗೋ ಬದಲು ಸಾಲುಸಾಲು ಸಂದೇಶ ಓಡುತ್ತದೆ. ಎಲ್ಲಿ ನಿಂತಿತೋ ಅಲ್ಲಿ ಫೋನಿನಿಂದ ಒಂದು ಫೋಟೋ ತೆಗೆಯಿರಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಉಪಯೋಗಕ್ಕೆ ಬಂದಿದ್ದು ಈ ಫೋಟೋ.

ಇಷ್ಟು ಒದ್ದಾಡಿದ ಮೇಲೆ ಗೊತ್ತಾಯಿತು, ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗಿನ ರಿಕವರಿ ಮೋಡ್ ಸಾಲಿನಲ್ಲಿ ನೋಮೋಡ್‌ಸೆಟ್ ಮೊದಲೇ ಇರುತ್ತದೆ. ಅದನ್ನು ಆರಿಸಿದ್ದರೆ ಸಾಕಿತ್ತು. ಹೋಗಲಿ.

ಆ ಪದ ಮಾಡುವುದೇನು

ಮೋಡ್ ಅಂದರೆ ಪರದೆಯ ರೆಸಲ್ಯೂಷನ್, ಬಣ್ಣದ ಆಳ, ರಿಫ್ರೆಶ್ ವೇಗ. ಹಿಂದೆ ಇದನ್ನು ಕಿಟಕಿ, ಚಿತ್ರ ತೋರಿಸುವ ಎಕ್ಸ್ ಸರ್ವರ್ ಎಂಬ ಪ್ರೋಗ್ರಾಮ್ ನಿರ್ಧರಿಸುತ್ತಿತ್ತು. 2009ರಲ್ಲಿ ಬಂದ 2.6.29 ಕರ್ನಲ್‌ನಿಂದ ಈ ಕೆಲಸ ಮೆಲ್ಲಗೆ ಕರ್ನಲ್ ಒಳಗಿನ ಡ್ರೈವರ್‌ಗಳ ಕೈಗೆ ಹೋಯಿತು. ಡ್ರೈವರ್ ಬೂಟ್ ಶುರುವಿನಲ್ಲೇ ಕಾರ್ಡನ್ನು ಹಿಡಿದುಕೊಳ್ಳುತ್ತದೆ. ಹೊಂದದ ಕಾರ್ಡ್ ಆದರೆ ಅಲ್ಲೇ ಎರಡೂ ಜಗಳಕ್ಕೆ ಬೀಳುತ್ತವೆ. ನೋಮೋಡ್‌ಸೆಟ್ ಅಂದರೆ "ನೀನು ಕೈ ಹಾಕಬೇಡ, ಫರ್ಮ್‌ವೇರ್ ಕೊಟ್ಟ ಚಿತ್ರವನ್ನೇ ಇಟ್ಟುಕೋ" ಅಂತ.

ಹಾಗಾಗಿ ಇದು ಮದ್ದಲ್ಲ, ಪರೀಕ್ಷೆ. ಡೆಸ್ಕ್‌ಟಾಪ್ ಬಂತು ಅಂದರೆ ತಪ್ಪು ಗ್ರಾಫಿಕ್ಸ್ ಕಡೆ ಇದೆ ಅಂತ ಗೊತ್ತಾಯಿತು, ಅಷ್ಟೇ. ಬೆಳಕು ಹೆಚ್ಚು ಕಡಿಮೆ ಮಾಡುವ ಕೀ ಕೆಲಸ ಮಾಡಲಿಲ್ಲ. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಕಾರ್ಡಿನ ಹೆಸರಿರಬೇಕಾದ ಕಡೆ ಎಲ್‌ಎಲ್‌ವಿಎಂಪೈಪ್ ಅಂತ ಇತ್ತು, ಅಂದರೆ ಚಿತ್ರದ ಲೆಕ್ಕವನ್ನೆಲ್ಲ ಪ್ರೊಸೆಸರೇ ಹೊರುತ್ತಿತ್ತು. ಇನ್ನೊಂದು, ಗ್ರಬ್ ಮೆನುವಿನಲ್ಲಿ ಮಾಡಿದ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ. ಕಾಯಂ ಮಾಡಲು ಇಟಿಸಿ ಒಳಗಿನ ಡಿಫಾಲ್ಟ್ ಫೋಲ್ಡರಿನ ಗ್ರಬ್ ಫೈಲನ್ನು ತಿದ್ದಿ ಅಪ್‌ಡೇಟ್-ಗ್ರಬ್ ಓಡಿಸಬೇಕು. ನಾನು ಬೇಕಂತಲೇ ಕಾಯಂ ಮಾಡಲಿಲ್ಲ.

ನೀಲಿ ಪರದೆ

ಒಳಗೆ ಬಂದ ಮೇಲೆ ಅಡಿಷನಲ್ ಡ್ರೈವರ್ಸ್ ಕಿಟಕಿಯಿಂದ ಕಾರ್ಡ್ ತಯಾರಕರ ಡ್ರೈವರ್ ಹಾಕಿದೆ. ನಡುವೆ ಒಂದು ಪಾಸ್‌ವರ್ಡ್ ಕೇಳಿತು, ಏನೋ ಒಂದು ಕೊಟ್ಟೆ. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆಯೊಂದು ಬಂತು, ಮೇಲಿನ ಸಾಲು ಕಂಟಿನ್ಯೂ ಬೂಟ್ ಅಂತಿತ್ತು. ಎಂಟರ್ ಒತ್ತಿಬಿಟ್ಟೆ. ಡ್ರೈವರ್ ಲೋಡ್ ಆಗಲಿಲ್ಲ. ಡ್ರೈವರ್ ಲೋಡ್ ಮಾಡುವ ಮಾಡ್‌ಪ್ರೋಬ್ ಆಜ್ಞೆ ಓಡಿಸಿ ನೋಡಿದರೆ "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್" ಎಂಬ ಉತ್ತರ.

ಫರ್ಮ್‌ವೇರ್‌ನ ಸೆಕ್ಯೂರ್ ಬೂಟ್ ಎಂಬ ಕಾವಲು ಆನ್ ಇದ್ದರೆ ಗುರುತಿರುವ ಸಹಿ ಇರುವ ಮಾಡ್ಯೂಲ್‌ಗಳನ್ನು (ಡ್ರೈವರ್ ಥರದ ತುಣುಕುಗಳನ್ನು) ಮಾತ್ರ ಕರ್ನಲ್ ಒಳಗೆ ಬಿಡುತ್ತದೆ. ನಮ್ಮ ಯಂತ್ರದಲ್ಲೇ ಕಂಪೈಲ್ ಆದ ಡ್ರೈವರ್‌ಗೆ ನಮ್ಮದೇ ಕೀ ಸಹಿ ಹಾಕುತ್ತದೆ. ಮೋಕ್ ಎಂದು ಕರೆಯುವ ಆ ಕೀಯನ್ನು ನಂಬುವ ಕೀಗಳ ಪಟ್ಟಿಗೆ ಸೇರಿಸಲು ಇರುವುದೇ ಆ ನೀಲಿ ಪರದೆ. ತಪ್ಪಿಸಿಕೊಂಡರೆ ಅದು ತಾನಾಗಿ ಮತ್ತೆ ಬರುವುದಿಲ್ಲ. ಮೋಕ್‌ಯುಟಿಲ್ ಆಜ್ಞೆಗೆ ಇಂಪೋರ್ಟ್ ಎಂಬ ಆಯ್ಕೆ ಕೊಟ್ಟು, ಶಿಮ್-ಸೈನ್ಡ್ ಫೋಲ್ಡರಿನ ಮೋಕ್ ಫೈಲ್ ತೋರಿಸಿ, ಹೊಸ ಪಾಸ್‌ವರ್ಡ್ ಇಟ್ಟು ರೀಸ್ಟಾರ್ಟ್ ಮಾಡಿದೆ. ಈ ಸಲ ಎನ್ರೋಲ್ ಮೋಕ್, ಕಂಟಿನ್ಯೂ, ಯೆಸ್, ಪಾಸ್‌ವರ್ಡ್, ರೀಬೂಟ್. ನೋಮೋಡ್‌ಸೆಟ್ ಇಲ್ಲದೆಯೇ ಡೆಸ್ಕ್‌ಟಾಪ್ ಬಂತು. ಬೆಳಕಿನ ಕೀ ಒತ್ತಿ ಒತ್ತಿ ನೋಡಿದೆ.

ಪವರ್ ಬಟನ್ ಹಿಡಿಯುವ ಮೊದಲು

ಹ್ಯಾಂಗ್ ಆದಾಗ ಜೋಪಾನವಾಗಿ ರೀಸ್ಟಾರ್ಟ್ ಮಾಡಲು ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಹಿಡಿದು ಆರ್, ಇ, ಐ, ಎಸ್, ಯು, ಬಿ ಒಂದೊಂದಾಗಿ ಒತ್ತಿ ಅನ್ನುತ್ತಾರೆ. ಇದರಲ್ಲಿ ಯಾವುದಕ್ಕೆ ಅನುಮತಿ ಎಂದು ಹೇಳುವ ಸಿಸ್‌ಆರ್‌ಕ್ಯು ಎಂಬ ಸೆಟ್ಟಿಂಗ್‌ನ ಬೆಲೆ ಉಬುಂಟುವಿನಲ್ಲಿ 176, ಅಂದರೆ 128, 32, 16 ಸೇರಿ. 16 ಡಿಸ್ಕಿಗೆ ಬರೆದು ಮುಗಿಸುವುದು, 32 ಡಿಸ್ಕನ್ನು ಓದಲು ಮಾತ್ರ ಮಾಡುವುದು, 128 ರೀಬೂಟ್. ಹಾಗಾಗಿ ಕೊನೆಯ ಮೂರು ಅಕ್ಷರಕ್ಕೆ ಮಾತ್ರ ಅನುಮತಿ, ಮೊದಲ ಮೂರು ಒತ್ತಿದರೂ ಒಂದೇ ಬಿಟ್ಟರೂ ಒಂದೇ. ಕರ್ನಲ್ ಪೂರ್ತಿ ಸತ್ತಿದ್ದರೆ ಇದೂ ನಡೆಯುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಪ್ರಿಂಟ್‌ಸ್ಕ್ರೀನ್‌ಗೆ ಎಫ್‌ಎನ್ ಕೂಡ ಹಿಡಿಯಬೇಕು, ಒಟ್ಟು ಎರಡು ಕೈಯೂ ಸಾಲದು.