ಸಂಘದ ಕಮಿಟಿ ಇರುವಾಗ ಕಾಲೇಜಿಗೆ ಸಿಡಿಸಿ ಯಾಕೆ?

ಪ್ರಶ್ನೆ: ಮುಂಬಯಿಯ ನಮ್ಮ ಕನ್ನಡ ಸಂಘ ಒಂದು ಡಿಗ್ರಿ ಕಾಲೇಜು ನಡೆಸುತ್ತದೆ. ಈ ಸಲ ನಾನು ಕಾರ್ಯಕಾರಿ ಸಮಿತಿಗೆ ಆಯ್ಕೆಯಾಗಿದ್ದೇನೆ. ಏನು ಕೇಳಿದರೂ ಪ್ರಿನ್ಸಿಪಾಲರು ‘ಸಿಡಿಸಿ (ಕಾಲೇಜು ಅಭಿವೃದ್ಧಿ ಸಮಿತಿ) ಮುಂದೆ ಇಡೋಣ’ ಎನ್ನುತ್ತಾರೆ. ಕಟ್ಟಡ ನಮ್ಮದು, ದುಡ್ಡು ನಮ್ಮದು. ಮತ್ತೆ ಇನ್ನೊಂದು ಕಮಿಟಿ ಯಾಕೆ?

ಉತ್ತರ: ಪ್ರಿನ್ಸಿಪಾಲರು ಸಬೂಬು ಹೇಳುತ್ತಿಲ್ಲ. ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆ, 2016ರ 97ನೇ ಕಲಮಿನ ಪ್ರಕಾರ ಪ್ರತಿ ಸಂಯೋಜಿತ ಕಾಲೇಜಿಗೂ ಪ್ರತ್ಯೇಕ ಕಾಲೇಜು ಅಭಿವೃದ್ಧಿ ಸಮಿತಿ ಇರಲೇಬೇಕು. ಸಂಘ ಎರಡು ಕಾಲೇಜು ನಡೆಸಿದರೆ ಸಿಡಿಸಿಯೂ ಎರಡು. ಹಳಬರು ಇದನ್ನೇ ಇನ್ನೂ ‘ಎಲ್‌ಎಂಸಿ’ ಎನ್ನುವುದುಂಟು. ಅದು 1994ರ ಕಾಯ್ದೆಯ ಸ್ಥಳೀಯ ವ್ಯವಸ್ಥಾಪನಾ ಸಮಿತಿ (ಲೋಕಲ್ ಮ್ಯಾನೇಜಿಂಗ್ ಕಮಿಟಿ), ಈಗಿಲ್ಲ.

ಯಾರ‍್ಯಾರು ಕೂರುತ್ತಾರೆಂದು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಸಂಘದ ಅಧ್ಯಕ್ಷರು ಅಥವಾ ಅವರು ಕಳಿಸಿದವರು ಅಧ್ಯಕ್ಷತೆ ವಹಿಸುತ್ತಾರೆ, ಕಾರ್ಯದರ್ಶಿಯೂ ಇರುತ್ತಾರೆ. ಪ್ರಿನ್ಸಿಪಾಲರು ಹೆಸರಿಸಿದ ಒಬ್ಬ ವಿಭಾಗ ಮುಖ್ಯಸ್ಥರು, ಅಧ್ಯಾಪಕರೇ ಆರಿಸಿದ 3 ಮಂದಿ (ಒಬ್ಬರಾದರೂ ಮಹಿಳೆ), ಬೋಧಕೇತರ ಸಿಬ್ಬಂದಿ ಆರಿಸಿದ ಒಬ್ಬರು, 4 ಸ್ಥಳೀಯ ಸದಸ್ಯರು, ಐಕ್ಯುಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ನೋಡಿಕೊಳ್ಳುವ ಘಟಕ) ಸಂಯೋಜಕರು, ವಿದ್ಯಾರ್ಥಿ ಪರಿಷತ್ತಿನ ಅಧ್ಯಕ್ಷ ಮತ್ತು ಕಾರ್ಯದರ್ಶಿ. ಪ್ರಿನ್ಸಿಪಾಲರು ಸದಸ್ಯ ಕಾರ್ಯದರ್ಶಿ. ಒಟ್ಟು 15. ನಿಮ್ಮ ಕಡೆಯವರು ಎಂದು ಲೆಕ್ಕ ಹಾಕಿದರೂ 6 ದಾಟುವುದಿಲ್ಲ. ಬೇಕೆಂದೇ ಹಾಗೆ ಮಾಡಿದ್ದು.

ಎಡವಟ್ಟು ಹೆಚ್ಚು ಆಗುವುದು ಆ 4 ಸ್ಥಳೀಯ ಸದಸ್ಯರ ವಿಷಯದಲ್ಲಿ. ಚುನಾವಣೆಯಲ್ಲಿ ಸೋತವರನ್ನು ಸಮಾಧಾನಪಡಿಸಲು ಇಟ್ಟ ಕುರ್ಚಿಗಳಲ್ಲ ಅವು. ಶಿಕ್ಷಣ, ಉದ್ಯಮ, ಸಂಶೋಧನೆ, ಸಮಾಜಸೇವೆಯಿಂದ ಬಂದವರನ್ನು ಪ್ರಿನ್ಸಿಪಾಲರ ಜೊತೆ ಸಮಾಲೋಚಿಸಿ ಸಂಘ ನೇಮಿಸಬೇಕು. ಒಬ್ಬರಾದರೂ ಹಳೆ ವಿದ್ಯಾರ್ಥಿಯಾಗಿರಬೇಕು. ಅಧ್ಯಾಪಕರ 3 ಸ್ಥಾನಗಳಲ್ಲೂ ಹೀಗೇ: ಸ್ಟಾಫ್ ರೂಮಿನಲ್ಲಿ ‘ನೀವೇ ಆಗಿಬಿಡಿ’ ಎಂದು ಮುಗಿಸಿರುತ್ತಾರೆ, ಚುನಾವಣೆಯ ನೋಟಿಸೂ ಇಲ್ಲ, ಫಲಿತಾಂಶದ ಹಾಳೆಯೂ ಇಲ್ಲ. ತಕರಾರು ಎದ್ದ ದಿನ ಸಮಿತಿಯ ರಚನೆಯೇ ಪ್ರಶ್ನೆಗೆ ಬರುತ್ತದೆ.

ಇನ್ನು ಅಧಿಕಾರ. ವರ್ಷಕ್ಕೆ ಕನಿಷ್ಠ 4 ಸಭೆ ನಡೆಸಬೇಕಾದ ಸಿಡಿಸಿ ವಾರ್ಷಿಕ ಕ್ಯಾಲೆಂಡರ್ ನಿರ್ಧರಿಸುತ್ತದೆ, ಹೊಸ ಕೋರ್ಸು ಮತ್ತು ಹುದ್ದೆಗಳಿಗೆ ಶಿಫಾರಸು ಮಾಡುತ್ತದೆ, ಬಜೆಟ್ ತಯಾರಿಸುತ್ತದೆ. ಬಜೆಟ್ಟಿಗೆ ಮಂಜೂರಾತಿ ಕೊಡುವವರು ಮಾತ್ರ ನೀವೇ. ಮಾರ್ಚ್ ಹೊತ್ತಿಗೆ ಪ್ರಯೋಗಾಲಯಕ್ಕೆ ಬಜೆಟ್ಟಿನಲ್ಲಿಲ್ಲದ ಉಪಕರಣ ಬೇಕಾಯಿತೆನ್ನಿ: ಸಿಡಿಸಿಯಲ್ಲಿ ಪ್ರಸ್ತಾವ, ಅದರ ನಡಾವಳಿ, ನಿಮ್ಮ ಸಮಿತಿಯ ಠರಾವು, ಆಮೇಲೆ ಆರ್ಡರ್. ಮೊದಲು ಆರ್ಡರ್ ಕೊಟ್ಟು ಆಮೇಲೆ ಠರಾವು ಬರೆದರೆ ಆಡಿಟರ್ ತಾರೀಖುಗಳನ್ನು ಹೋಲಿಸಿ ನೋಡುತ್ತಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಪರಿಶೀಲನೆಯಲ್ಲೂ ನಡಾವಳಿ ಪುಸ್ತಕ ಕೇಳಬಹುದು. ನಾಲ್ಕೂ ಸಭೆಗಳನ್ನು ಒಂದೇ ಶಾಯಿಯಲ್ಲಿ, ಒಂದೇ ಸಲ ಕೂತು ಬರೆದಿದ್ದರೆ ಅದು ಯಾರಿಗಾದರೂ ಗೊತ್ತಾಗುತ್ತದೆ. ಅಂದಹಾಗೆ, ಖಜಾಂಚಿಗಳು ಕಾಲೇಜಿನ ಕ್ಲಾರ್ಕಿಗೆ ನೇರ ಫೋನ್ ಮಾಡಿ ಚೆಕ್ ತರಿಸಿಕೊಳ್ಳುವ ರೂಢಿಯನ್ನು ಇವತ್ತೇ ನಿಲ್ಲಿಸಿ. ಕಾಲೇಜಿನ ಹಣ ಸಂಘದ ನಾಡಹಬ್ಬದ ಖಾತೆಗೆ ಸೇರಬಾರದು.

ನೇಮಕಾತಿಗೆ ಯಾರನ್ನು ಆರಿಸುವುದು ಎಂಬುದು ಸಂಘವೊಂದರ ಕೈಯಲ್ಲೂ ಇಲ್ಲ, ಸಿಡಿಸಿಯ ಕೈಯಲ್ಲೂ ಇಲ್ಲ. ಮೀಸಲಾತಿ ರೋಸ್ಟರ್ (ಯಾವ ಹುದ್ದೆ ಯಾವ ವರ್ಗಕ್ಕೆ ಎಂಬ ಪಟ್ಟಿ) ತಪಾಸಣೆ, ಜಾಹೀರಾತು, ಆಯ್ಕೆ ಸಮಿತಿ, ಕೊನೆಗೆ ವಿಶ್ವವಿದ್ಯಾಲಯದ ಅನುಮೋದನೆ: ಇದೇ ಕ್ರಮ. ಆಯ್ಕೆ ಸಮಿತಿಯ ಅಧ್ಯಕ್ಷತೆ ಸಂಘದ ಅಧ್ಯಕ್ಷರದ್ದೋ ಅವರ ಪ್ರತಿನಿಧಿಯದ್ದೋ ಆದರೂ ವೈಸ್ ಚಾನ್ಸಲರ್ ಕಳಿಸಿದವರು, ಹೊರಗಿನ ವಿಷಯ ತಜ್ಞರು ಪಕ್ಕದಲ್ಲೇ ಕೂತಿರುತ್ತಾರೆ. ರೋಸ್ಟರ್ ಬಿಟ್ಟು ‘ನಮ್ಮ ಹುಡುಗ’ನನ್ನು ತೆಗೆದುಕೊಂಡರೆ ಅನುಮೋದನೆ ಸಿಗದು, ಅನುದಾನಿತ ಹುದ್ದೆಯಾದರೆ ಸರ್ಕಾರದ ಸಂಬಳವೂ ಬಾರದು.

ಹನ್ನೊಂದು, ಹನ್ನೆರಡನೇ ತರಗತಿ ನಿಮ್ಮ ಕಟ್ಟಡದಲ್ಲೇ ಇದ್ದರೂ ಅದು ರಾಜ್ಯ ಶಿಕ್ಷಣ ಇಲಾಖೆಯ ಕೆಳಗೆ ಬರುತ್ತದೆ, ವಿಶ್ವವಿದ್ಯಾಲಯದ ಕೆಳಗಲ್ಲ. ಅದರ ಕಡತವನ್ನು ಸಿಡಿಸಿಗೆ ತರಬೇಡಿ.

ಸಿಡಿಸಿಗಿಂತ ಮೊದಲು ನಿಮ್ಮ ಸಮಿತಿ ಮಾಡಬೇಕಾದ ಕೆಲಸವೊಂದಿದೆ. ಸಂಘ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ, 1950ರಡಿ ನೋಂದಣಿಯಾಗಿದ್ದರೆ, ಪದಾಧಿಕಾರಿಗಳು ಬದಲಾದ 90 ದಿನಗಳೊಳಗೆ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ ಸಲ್ಲಿಸಬೇಕು. ಹಿಂದಿನ ಸಮಿತಿ ಅದನ್ನು ಸಲ್ಲಿಸಿತ್ತೇ ಎಂಬುದನ್ನೂ ವಿಚಾರಿಸಿ. ಅದು ಬಾಕಿ ಉಳಿದಿದ್ದರೆ ಕಾಲೇಜಿನ ಕಾಗದಗಳಿಗೆ ಯಾರ ಸಹಿ ನಡೆಯುತ್ತದೆ ಎಂಬ ತಕರಾರು ನಿಮ್ಮ ಅವಧಿಯಲ್ಲೇ ಏಳಬಹುದು.