ಕಿಡ್ನಿಯ ಬೆಲೆ ಬೇರೆ, ದಾನಿಯ ಕೂಲಿ ಬೇರೆ

ಬೆಂಗಳೂರಿನ ಆಸ್ಪತ್ರೆಗಳಲ್ಲಿ ಕಿಡ್ನಿ ಕಸಿಗೆ ಓಡಾಡುವವರು ಮೊದಲು ಕೇಳಿಸಿಕೊಳ್ಳುವ ಎಚ್ಚರಿಕೆ ಒಂದೇ: ದಾನಿಗೆ ಒಂದು ರೂಪಾಯಿಯೂ ಕೊಡುವಂತಿಲ್ಲ. ಇದು ಅರ್ಧ ನಿಜ. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ‘ಪಾವತಿ’ ಎಂದರೇನು ಎಂದು ಹೇಳುವ ಕಡೆಯೇ ಒಂದು ವಿನಾಯಿತಿಯಿದೆ. ಅಂಗ ಕೊಟ್ಟದ್ದರಿಂದ ನೇರವಾಗಿ ದಾನಿಯ ತಲೆಗೆ ಬಿದ್ದ ಖರ್ಚು, ತಪ್ಪಿಹೋದ ದುಡಿಮೆ ಪಾವತಿಯ ಲೆಕ್ಕಕ್ಕೆ ಬರುವುದಿಲ್ಲ.

1954ರಲ್ಲಿ ಬಾಸ್ಟನ್‌ನಲ್ಲಿ ಅವಳಿ ಸಹೋದರರ ನಡುವೆ ಕಿಡ್ನಿ ಕಸಿ ಗೆದ್ದಾಗ ದುಡ್ಡಿನ ಪ್ರಶ್ನೆಯೇ ಇರಲಿಲ್ಲ. 1980ರ ದಶಕದಲ್ಲಿ, ಹೊರಗಿನ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೊರಿನ್ ಔಷಧಿ ಬಂತು, ಪರಕೀಯರ ಕಿಡ್ನಿಯನ್ನೂ ದೇಹ ಹೆಚ್ಚಾಗಿ ಒಪ್ಪತೊಡಗಿತು. ಬೆನ್ನಿಗೇ ಬ್ರೋಕರ್ ಹುಟ್ಟಿಕೊಂಡ. ಅಮೆರಿಕ 1984ರಲ್ಲಿ, ಬ್ರಿಟನ್ 1989ರಲ್ಲಿ ಮಾರಾಟವನ್ನು ನಿಷೇಧಿಸಿದವು. ಇರಾನ್ 1988ರಿಂದ ತದ್ವಿರುದ್ಧ ದಾರಿ ಹಿಡಿದು, ದಾನಿಗೆ ಹಣ ಕೊಡುವುದನ್ನೇ ವ್ಯವಸ್ಥೆ ಮಾಡಿತು.

ಮಾರಾಟದ ಪರ ವಾದವನ್ನು ಸುಮ್ಮನೆ ತಳ್ಳಿಹಾಕಲಾಗದು. ಶಸ್ತ್ರಚಿಕಿತ್ಸೆಯಲ್ಲಿ ದಾನಿ ಸಾಯುವ ಸಂಭವ ಹತ್ತು ಸಾವಿರಕ್ಕೆ ಸುಮಾರು ಮೂರು. ಅದಕ್ಕಿಂತ ಅಪಾಯದ ಕೆಲಸಕ್ಕೆ ದಿನವೂ ಕೂಲಿ ಕೊಡುತ್ತೇವಲ್ಲ, ಎನ್ನುತ್ತಾರೆ. ಆದರೆ ಚೆನ್ನೈನಲ್ಲಿ ಕಿಡ್ನಿ ಮಾರಿದ 305 ಜನರ ಸಮೀಕ್ಷೆ 2002ರಲ್ಲಿ ಪ್ರಕಟವಾಯಿತು. ಶೇ. 96 ಮಂದಿ ಸಾಲ ತೀರಿಸಲು ಮಾರಿದ್ದರು. ಮುಕ್ಕಾಲು ಪಾಲು ಜನರ ಸಾಲ ಆಮೇಲೂ ಹಾಗೇ ಇತ್ತು. ಕುಟುಂಬದ ಆದಾಯ ಮೂರರಲ್ಲೊಂದು ಭಾಗ ಕುಸಿದಿತ್ತು. ಪಕ್ಕೆ ನೋವಿಟ್ಟುಕೊಂಡು ಮೂಟೆ ಹೊರುವುದು ಹೇಗೆ?

ಈಗಿನ ಜರಡಿ ಬಿಗಿಯಾಗಿದೆ. ಹತ್ತಿರದ ಸಂಬಂಧಿಯಲ್ಲದವರು ಕೊಡಬೇಕಾದರೆ, ಕಸಿಗೆ ಅನುಮತಿ ಕೊಡುವ ಅಧಿಕಾರ ಸಮಿತಿಯ ಮುಂದೆ ಬರಬೇಕು. ಇಬ್ಬರ ಮೂರು ವರ್ಷದ ಆದಾಯ ದಾಖಲೆ ನೋಡುತ್ತಾರೆ, ಅಜಗಜಾಂತರವಿದ್ದರೆ ಅನುಮಾನ. ಸಂದರ್ಶನದ ವಿಡಿಯೊ ದಾಖಲೆ ಇರುತ್ತದೆ. ಆದ್ದರಿಂದಲೇ ದಂಧೆಯವರು ಪರಕೀಯರನ್ನು ‘ಸಂಬಂಧಿ’ ಮಾಡಿ ಈ ಸಮಿತಿಯನ್ನೇ ತಪ್ಪಿಸಲು ನೋಡುತ್ತಾರೆ. ಅಪ್ಪ-ಮಗ ಎಂದರೆ ಡಿಎನ್‌ಎ ಹೇಳಿಬಿಡುತ್ತದೆ. ಗಂಡ-ಹೆಂಡತಿ ಎನ್ನುವುದನ್ನು ಯಾವ ರಕ್ತಪರೀಕ್ಷೆಯೂ ಹೇಳದು. ಅಲ್ಲಿರುವುದು ಮದುವೆ ಪ್ರಮಾಣಪತ್ರ, ಮದುವೆ ಫೋಟೊ, ಮಕ್ಕಳ ಜನನ ಪತ್ರ. ಇವುಗಳಲ್ಲಿ ಯಾವುದನ್ನು ನಕಲು ಮಾಡಲಾಗದು?

2011ರ ತಿದ್ದುಪಡಿ ಮಾರಾಟಕ್ಕೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂ. ದಂಡ ವಿಧಿಸಿತು. ಹಣ ಪಡೆದವನೂ ಅಪರಾಧಿಯೇ. ಹಾಗಾಗಿ ಬ್ರೋಕರ್ ಮಾತಾಡಿದ್ದರಲ್ಲಿ ಅರ್ಧ ಕೈಗಿಟ್ಟು ಮಾಯವಾದರೆ, ಮಾರಿದವನಿಗೆ ಠಾಣೆಯ ಮೆಟ್ಟಿಲು ಹತ್ತುವ ಧೈರ್ಯ ಬರುವುದಿಲ್ಲ.

ಇಷ್ಟೆಲ್ಲ ತಪಾಸಣೆ ಆಪರೇಷನ್‌ಗೆ ಮುಂಚಿನದು. ಆಮೇಲೆ ದಾನಿ ನಾಲ್ಕರಿಂದ ಆರು ವಾರ ಭಾರ ಎತ್ತಬಾರದು. ಉಳಿದ ಕಿಡ್ನಿ ಸರಿಯಿದೆಯೇ ಎಂದು ತಿಳಿಯಲು ವರ್ಷಕ್ಕೊಮ್ಮೆಯಾದರೂ ಬಿಪಿ, ರಕ್ತದ ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ನೋಡಿಸಬೇಕು. ಕಾಯ್ದೆಯ ವಿನಾಯಿತಿ ಉಪಯೋಗಕ್ಕೆ ಬರಬೇಕಾದದ್ದು ಇಲ್ಲೇ. ಸಂಬಳದ ಚೀಟಿ, ಬಸ್ ಟಿಕೆಟ್, ಔಷಧಿ ಬಿಲ್ ಇಟ್ಟುಕೊಂಡು, ಸಮಿತಿಗೆ ಮೊದಲೇ ತಿಳಿಸಿ, ಬ್ಯಾಂಕ್ ಮೂಲಕವೇ ಕೊಡುವುದು ಲೇಸು. ಕೈಯಿಂದ ಕೈಗೆ ನಗದು ದಾಟಿದರೆ ಅದು ಕೂಲಿಯೋ ಬೆಲೆಯೋ ಎಂದು ರುಜುವಾತು ಮಾಡುವುದು ಕಷ್ಟ. ಪಗಾರದ ಚೀಟಿಯೇ ಇಲ್ಲದವರ ಪಾಡು ಇನ್ನೂ ಕಷ್ಟ. ಅಂಗ ಕೊಡುವ ಕೇಂದ್ರ ಸರ್ಕಾರಿ ನೌಕರನಿಗೆ 2023ರಿಂದ 42 ದಿನದವರೆಗೆ ವಿಶೇಷ ರಜೆ ಇದೆ. ತಮ್ಮನಿಗೆ ಕಿಡ್ನಿ ಕೊಟ್ಟ ಯಶವಂತಪುರ ಯಾರ್ಡಿನ ಹಮಾಲಿಗೆ ಆ 42 ದಿನವೂ ಸಂಬಳವಿಲ್ಲದ ದಿನಗಳೇ.