ಮನವೊಲಿಸುವ ವಾದ: ಕಾರಣಕ್ಕೂ ನಿಲುವಿಗೂ ನಡುವಿನ ಸೇತುವೆ

ಮನವೊಲಿಸಲು ಮೂರು ದಾರಿ ಅಂತ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಹೇಳುತ್ತಾನೆ. ಈಥೋಸ್ ಅಂದರೆ ಮಾತಾಡುವವರ ಮೇಲಿನ ನಂಬಿಕೆ, ಪೇಥೋಸ್ ಅಂದರೆ ಕೇಳುವವರ ಭಾವನೆ, ಲೋಗೋಸ್ ಅಂದರೆ ತರ್ಕ. ಈ ಹೆಸರುಗಳು ಬೇಗ ಬಾಯಿಪಾಠ ಆಗುತ್ತವೆ. ನಾವು ಎಡವುವುದು ಲೋಗೋಸ್‌ನಲ್ಲಿ, ಅದಕ್ಕೇ ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಈ ವಾದ ನೋಡಿ: "ಲೈಬ್ರರಿ ರಾತ್ರಿ 10ರವರೆಗೆ ತೆರೆದಿರಬೇಕು. ಯಾಕಂದ್ರೆ ಸಂಜೆ ಕೂರಲು ಜಾಗವೇ ಸಿಗಲ್ಲ." ಸರಿಯಾಗಿದೆ ಅನಿಸುತ್ತೆ, ಅಲ್ವಾ? ಆದರೆ ಯಾರಾದರೂ "ಹಾಗಾದರೆ ಇನ್ನಷ್ಟು ಕುರ್ಚಿ ಹಾಕಿಸೋಣ" ಅಂದರೆ ವಾದ ಅಲ್ಲೇ ಕುಸಿಯುತ್ತದೆ. ನಮ್ಮ ಕಾರಣ ನಿಜವೇ. ಆದರೆ ಕಾರಣದಿಂದ ನಿಲುವಿಗೆ ದಾಟಿಸುವ ಸೇತುವೆಯನ್ನು ನಾವು ಹೇಳಿಯೇ ಇಲ್ಲ: "ಜಾಸ್ತಿ ಹೊತ್ತು ತೆರೆದಿದ್ದರೆ ಜನ ಬೇರೆ ಬೇರೆ ಹೊತ್ತಿಗೆ ಬರುತ್ತಾರೆ, ಸಂಜೆಯ ನೂಕುನುಗ್ಗಲು ತಗ್ಗುತ್ತದೆ."

ಬ್ರಿಟಿಷ್ ತತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ಈ ಸೇತುವೆಯನ್ನು ವಾರಂಟ್ ಅಂತ ಕರೆದರು. ಭಾರತದ ನ್ಯಾಯ ದರ್ಶನದಲ್ಲಿ, ಅಂದರೆ ತರ್ಕಕ್ಕೆ ಹೆಸರಾದ ತತ್ವಪಂಥದಲ್ಲಿ, ಇದಕ್ಕೆ ಬಹಳ ಹಿಂದೆಯೇ ಜಾಗ ಇತ್ತು. "ಬೆಟ್ಟದಲ್ಲಿ ಬೆಂಕಿ ಇದೆ" ಪ್ರತಿಜ್ಞೆ, ಅಂದರೆ ಸಾಧಿಸಬೇಕಾದ ನಿಲುವು. "ಯಾಕಂದ್ರೆ ಹೊಗೆ ಇದೆ" ಹೇತು, ಅಂದರೆ ಕಾರಣ. "ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿರುವ ಹಾಗೆ" ಉದಾಹರಣೆ. ಸೇತುವೆ ಇರುವುದು ಇಲ್ಲೇ. ಆಮೇಲೆ "ಈ ಬೆಟ್ಟದಲ್ಲೂ ಅಂಥ ಹೊಗೆ ಇದೆ" ಉಪನಯ, "ಆದ್ದರಿಂದ ಬೆಂಕಿ ಇದೆ" ನಿಗಮನ. ನೈಯಾಯಿಕರು, ಅಂದರೆ ನ್ಯಾಯ ದರ್ಶನದವರು, ಸೇತುವೆಯನ್ನು ಬಾಯಿಬಿಟ್ಟು ಹೇಳುತ್ತಾರೆ. ಅರಿಸ್ಟಾಟಲ್ ಮಾತ್ರ, ಕೇಳುವವರಿಗೆ ಗೊತ್ತಿರುವುದನ್ನು ಬಿಡಬಹುದು, ಅವರೇ ತುಂಬಿಕೊಳ್ಳುತ್ತಾರೆ ಎನ್ನುತ್ತಾನೆ. ಇಂಥ ವಾದಕ್ಕೆ ಎಂಥಿಮೀಮ್ ಅಂತ ಹೆಸರು. ಮೊದಲೇ ಒಪ್ಪಿರುವ ಗೆಳೆಯರ ನಡುವೆ ಇದು ಚೆನ್ನಾಗಿ ನಡೆಯುತ್ತದೆ. ಒಪ್ಪದವರ ಮುಂದೆ ಹೇಳಿಬಿಡುವುದೇ ಮೇಲು ಅಂತ ನನಗನಿಸುತ್ತದೆ.

ಮಾತಿನ ಸೊಗಸಿಗೂ ತಂತ್ರಗಳಿವೆ. ಸಾಲು ಸಾಲು ವಾಕ್ಯಗಳನ್ನು ಒಂದೇ ಪದಗಳಿಂದ ಶುರು ಮಾಡುವುದು ಅನಾಫರಾ. 1963ರ ವಾಷಿಂಗ್ಟನ್ ಭಾಷಣದಲ್ಲಿ ಮಾರ್ಟಿನ್ ಲೂಥರ್ ಕಿಂಗ್ "ನನಗೊಂದು ಕನಸಿದೆ" ಅಂತ ಮತ್ತೆ ಮತ್ತೆ ಹೇಳಿದ್ದು ಹೀಗೇ. ಭಾಷಣದಲ್ಲಿ ಇದು ಕಿವಿಯಲ್ಲಿ ಉಳಿಯುತ್ತದೆ. ಪ್ರಬಂಧದಲ್ಲಿ ಒಂದು ಸಲ ಬಳಸಿದರೆ ಸಾಕು.

ಇನ್ನು ಪೂರ್ವಪಕ್ಷ, ಅಂದರೆ ಎದುರಿನವರ ಮಾತನ್ನು ಮೊದಲು ನಾವೇ ಹೇಳುವುದು. ಸುಮ್ನೆ "ಕೆಲವರು ಒಪ್ಪುವುದಿಲ್ಲ" ಅಂತ ಬರೆದರೆ ಬೆದರುಬೊಂಬೆಯ ಜೊತೆ ಕುಸ್ತಿಗಿಳಿದ ಹಾಗೆ. "ರಾತ್ರಿಗೆ ಸಿಬ್ಬಂದಿ ಬೇಕು, ಕರೆಂಟ್ ಖರ್ಚು ಬರುತ್ತೆ" ಅಂತ ಅವರೇ ತಲೆಯಾಡಿಸುವ ಹಾಗೆ ಬರೆಯಿರಿ. ಆಮೇಲೆ ಉತ್ತರ ಕೊಡಿ: "ಹಾಗಾದರೆ ಪರೀಕ್ಷೆಯ ತಿಂಗಳು ಮಾತ್ರ ತೆರೆಯೋಣ."

ಬರೆದು ಮುಗಿಸಿದ ಮೇಲೆ ಪ್ರತಿ "ಯಾಕಂದ್ರೆ" ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಅದರ ಸೇತುವೆಯನ್ನು ಪೆನ್ಸಿಲಿನಲ್ಲಿ ಬರೆದು ನೋಡಿ. ಬರೆಯಲು ಆಗದಿದ್ದರೆ ಆ ಕಾರಣವನ್ನು ತೆಗೆದುಬಿಡಿ.